ಒಂದು ಲಕ್ಷದ ಮೂರು ಕಲ್ಲುಗಳು

ಬಹಳ ಬಹಳ ಹಿಂದೆ ಹೊಂಬೆಟ್ಟ ಎಂಬ ರಾಜ್ಯವಿತ್ತು. ವರ್ಷಕ್ಕೊಮ್ಮೆ ಅಲ್ಲಿ ಅರಸನಿಂದ ಅಗಸನವರೆಗೆ ಎಲ್ಲರೂ ಬಯಲಿನಲ್ಲಿ ಒಂದೇ ಪಂಕ್ತಿಗೆ ಕೂತು ಉಣ್ಣುತ್ತಿದ್ದರು. ಬಡಿಸುವವಳು ಒಬ್ಬಳೇ, ಸಂಕವ್ವ. ಅವಳ ಅನ್ನದ ಬುಟ್ಟಿ ಬರಿದಾಗುತ್ತಿರಲಿಲ್ಲ, ತುಪ್ಪದ ಮಿಳ್ಳೆ ಮುಗಿಯುತ್ತಿರಲಿಲ್ಲ. ಎಲೆಗೆ ಅನ್ನ ಬಿದ್ದ ಮೇಲೆ ನಡುವೆ ಯಾರನ್ನೂ ಕೂರಿಸುವಂತಿಲ್ಲ, ಬಡಿಸುವವಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದು ಅಲ್ಲಿಯ ಕಟ್ಟಳೆ.

ಒಂದು ವರ್ಷ ಸಂಕವ್ವ ತನ್ನ ಆರು ವರ್ಷದ ಮಗಳು ಚೆಲುವಿಯ ಎಲೆಗೆ ತುಪ್ಪ ಹಾಕಲು ಬಗ್ಗಿದ್ದಳು. ಆಗ ಉರಿಗಣ್ಣನೆಂಬ ಮಾಂತ್ರಿಕ ಬಂದು, “ನನಗೂ ಎಲೆ ಹಾಕು” ಎಂದ.

“ತಡಾ ಮಾಡಿ ಬಂದ್ರಿ ಸ್ವಾಮಿ. ಈ ಪಂಕ್ತಿ ಏಳ್ಲಿ, ಆಮ್ಯಾಲೆ ಮೊದಲ ಎಲಿ ನಿಮಗs” ಎಂದಳು ಸಂಕವ್ವ.

ಮಾಂತ್ರಿಕನಿಗೆ ಮೂಗಿನ ತುದಿಯಲ್ಲೇ ಕೋಪ. ಕೈಯೆತ್ತಿದ. ಕೂತವರೆಲ್ಲ ಕಲ್ಲಾಗಿ ಬಯಲ ತುಂಬ ಉರುಳಿದರು. ಎಲ್ಲ ಕಲ್ಲೂ ಒಂದೇ ಗಾತ್ರ, ಒಂದೇ ಬಣ್ಣ. ಅರಸ ಯಾವುದು, ಚೆಲುವಿ ಯಾವುದು, ಹೇಳುವವರಿಲ್ಲ.

“ಒಂದು ಲಕ್ಷದ ಮೂರು ಕಲ್ಲಿವೆ” ಎಂದ ಮಾಂತ್ರಿಕ. “ಸಮಸಮವಾಗಿ ಸಾಲು ಮಾಡು. ಸಾಲು ಒಂದೇ ಇರಬಾರದು, ಸಾಲಿಗೆ ಒಂದೇ ಕಲ್ಲೂ ಇರಬಾರದು. ಒಂದೂ ಮಿಗದಿದ್ದರೆ ಇವರು ಏಳುತ್ತಾರೆ, ನಾನು ಬೂದಿಯಾಗುತ್ತೇನೆ. ಇವರ ಸಾಲಿಗೆ ಹೊಸದಾಗಿ ಬಂದು ಕೂತವರು ಮಾತ್ರ ಕಲ್ಲಾಗಿ, ಕಲ್ಲಾಗಿಯೇ ಉಳಿಯುತ್ತಾರೆ.”

ಸಂಕವ್ವ ಎರಡು ಸಾಲು ಮಾಡಿದಳು. ಮೂರು ವರ್ಷ ಹಿಡಿಯಿತು. ಒಂದು ಕಲ್ಲು ಮಿಕ್ಕಿತು. ಅದನ್ನು ಮಡಿಲಿಗೆ ತಗೊಂಡು, “ಚೆಲುವಿ, ನೀನs ಏನವಾ?” ಎಂದು ಕೇಳಿದಳು. ಕಲ್ಲು ಮಾತಾಡಲಿಲ್ಲ.

ಕೆಡಿಸಿ ಮೂರು ಸಾಲು ಮಾಡಿದಳು. ಮತ್ತೆ ಮೂರು ವರ್ಷ. ಒಂದು ಕಲ್ಲು ಮಿಕ್ಕಿತು. “ಚೆಲುವಿ, ನೀನs ಏನವಾ?” ಕಲ್ಲು ಮಾತಾಡಲಿಲ್ಲ.

ಅದನ್ನೂ ಕೆಡಿಸಿ ಏಳು ಸಾಲು ಮಾಡಿದಳು. ಅಷ್ಟರಲ್ಲಿ ತಲೆ ನೆರೆತಿತ್ತು. ಹಾಳಾದ್ದು ಒಂದು ಕಲ್ಲು ಮಿಕ್ಕೇ ಮಿಕ್ಕಿತು.

ಮಾಂತ್ರಿಕ ಬಿದ್ದು ಬಿದ್ದು ನಕ್ಕ. “ಹುಚ್ಚಿ, ಅದು ಒಡೆಯದ ಸಂಖ್ಯೆ. ನೂರು ಸಾಲು ಮಾಡು, ಸಾವಿರ ಮಾಡು, ಸಮ ಬರುವುದಿಲ್ಲ.”

ಮಿಕ್ಕ ಕಲ್ಲೊಂದನ್ನು ಪುಡಿ ಮಾಡಿದರೆ ಉಳಿದವರು ಏಳುತ್ತಿದ್ದರು. ಸಂಕವ್ವನಿಗೂ ಅದು ಹೊಳೆಯಿತು. ಸುತ್ತಿಗೆ ಎತ್ತಿಯೂ ಎತ್ತಿದಳು. “ಯಾರ ಕೂಸೋ ಏನೋ” ಎಂದು ಅಳುತ್ತ ಕೆಳಗಿಟ್ಟಳು.

ಕೊನೆಗೆ ನಾಲ್ಕು ಸಾಲು ಮಾಡಿದಳು. ಮೂರು ಸಾಲಿನಲ್ಲಿ ಇಪ್ಪತ್ತೈದು ಸಾವಿರದ ಒಂದೊಂದು ಕಲ್ಲು ಕೂತವು. ನಾಲ್ಕನೆಯದರಲ್ಲಿ ಇಪ್ಪತ್ತೈದು ಸಾವಿರ ಮಾತ್ರ. ಈ ಸಲ ಒಂದೂ ಮಿಗಲಿಲ್ಲ, ಒಂದು ಕಡಿಮೆ ಬಿತ್ತು.

ಖಾಲಿ ಜಾಗವನ್ನು ಸಂಕವ್ವ ಬಹಳ ಹೊತ್ತು ನೋಡಿದಳು. ಇಷ್ಟು ವರ್ಷ ಬಡಿಸಿದವಳು ತನ್ನನ್ನು ಒಮ್ಮೆಯೂ ಎಣಿಸಿಕೊಂಡಿರಲಿಲ್ಲ. ಅಲ್ಲೊಂದು ಎಲೆ ಹಾಸಿದಳು.

“ಏಯ್, ಕೂರಬೇಡ!” ಎಂದು ಮಾಂತ್ರಿಕ ಓಡಿ ಬಂದ.

“ಚೆಲುವಿ, ಹೊಟ್ಟಿ ತುಂಬ ಉಣ್ಣವಾ” ಎಂದು ಅವಳು ಕೂತುಬಿಟ್ಟಳು.

ಮಾಂತ್ರಿಕ ಬೂದಿಯಾದ. ಒಂದು ಲಕ್ಷದ ಮೂರು ಜನ ಎದ್ದರು. ಚೆಲುವಿಗೆ ಇನ್ನೂ ಆರೇ ವರ್ಷ. “ಅವ್ವಾ, ತುಪ್ಪ ಹಾಕು” ಎಂದಳು. ಯಾರೂ ಬರಲಿಲ್ಲ. ಹುಡುಕುತ್ತ ಹೋದರೆ ನಾಲ್ಕನೆಯ ಸಾಲಿನ ಕೊನೆಗೆ ಒಂದು ಕಲ್ಲು, ಪಕ್ಕದಲ್ಲಿ ತುಪ್ಪದ ಮಿಳ್ಳೆ.

ಆಮೇಲೆ ಹೊಂಬೆಟ್ಟದ ಜನ ಸುಖವಾಗಿ ಬಾಳಿದರು ಎನ್ನಬೇಕು, ಬಾಳಿದ್ದೂ ನಿಜ. ಅಂದಿನಿಂದ ಅಲ್ಲಿ ಮೊದಲ ಎಲೆ ಬಡಿಸುವವಳದು. ಚೆಲುವಿ ಮುದುಕಿಯಾಗುವ ತನಕ ಪ್ರತಿವರ್ಷ ಆ ಕಲ್ಲಿನ ಮುಂದೆ ಎಲೆ ಹಾಸಿ, ಬಿಸಿ ಅನ್ನ ಹಾಕಿ, ತಾನೇ ತುಪ್ಪ ಬಡಿಸುತ್ತಿದ್ದಳು.