ಮೂರು ಕೋಟಿ ಮೂವತ್ತೈದು ಲಕ್ಷದ ಕಳವು

“ಆಂಟಿ, ಮೂರು ಕೋಟಿ ಮೂವತ್ತೈದು ಲಕ್ಷದ ಐವತ್ತು ಸಾವಿರದ ಮುನ್ನೂರ ಮೂವತ್ತಾರು ಕಳುವಾಗಿದೆ!”

ನಮ್ಮ ಬೀದಿಯ ಸುಮನಾ ಅಲಮೇಲಮ್ಮನ ಮನೆಗೆ ಹೀಗೆ ನುಗ್ಗಿದಾಗ ನನ್ನ ಕೈಯ ಕಾಫಿ ಸೀರೆಗೆ ಚೆಲ್ಲಿತು. ಅಲಮೇಲಮ್ಮ ಮಾತ್ರ ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಲಿಲ್ಲ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿದ ಅವರು ಸದಾಶಿವನಗರದ ನಮ್ಮ ಬೀದಿಗೆ ಪತ್ತೇದಾರರು. ಎದುರು ಮನೆಯ ಪ್ರಮೀಳಾ, ಅಂದರೆ ನಾನು, ಅವರ ಬಲಗೈ.

“ರೂಪಾಯಿನೇನೇ?” ಎಂದೆ.

“ರೂಪಾಯಿ ಆಗಿದ್ರೆ ಪೊಲೀಸ್ ಹತ್ರ ಹೋಗ್ತಿದ್ದೆ. ಇದು ಪರಿಪೂರ್ಣ ಸಂಖ್ಯೆ.”

ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಆಗುವ ಸಂಖ್ಯೆಯಂತೆ. ಆರರ ಭಾಜಕಗಳು ಒಂದು, ಎರಡು, ಮೂರು, ಕೂಡಿದರೆ ಆರು. ಮದುವೆಗಾಗಿ ಎಂಎಸ್ಸಿ ಬಿಟ್ಟಿದ್ದ ಸುಮನಾ, ಕುಕ್ಕರಿನ ಕೂಗುಗಳ ನಡುವೆ ಮೂರು ತಿಂಗಳು ಕೂತು, ಈ ದೊಡ್ಡ ಸಂಖ್ಯೆಯ ಇಪ್ಪತ್ತೈದು ಭಾಜಕಗಳನ್ನೂ ಕೈಲೆಕ್ಕದಲ್ಲೇ ತೆಗೆದಿದ್ದಳು. ಬರೆದದ್ದು ಕ್ಯಾಲೆಂಡರ್ ಹಾಳೆಯ ಹಿಂದೆ, ಕನ್ನಡ ಅಂಕಿಗಳಲ್ಲಿ. ಆ ಹಾಳೆಯೇ ಈಗ ನಾಪತ್ತೆ. ಭಾನುವಾರ ಗುಬ್ಬಿಯ ಮಹಿಳಾ ಸಮಾಜದಲ್ಲಿ ಅದನ್ನೇ ವಿವರಿಸಬೇಕಿತ್ತು. ಮದುವೆಯಾದ ಇಪ್ಪತ್ತು ವರ್ಷಗಳ ನಂತರ ಅವಳ ಹೆಸರು ಒಂಟಿಯಾಗಿ ಒಂದು ಆಮಂತ್ರಣದಲ್ಲಿ ಅಚ್ಚಾಗಿತ್ತು.

“ಮನೇಲಿ ಯಾರಿದ್ರು?”

“ಅತ್ತೆ, ನಮ್ಮೆಜಮಾನ್ರು, ಊಟಕ್ಕೆ ಬಂದಿದ್ದ ಮೈದುನ.”

ಅತ್ತೆ ತಿಪ್ಪಮ್ಮ ಸಿಕ್ಕ ಕಾಗದವನ್ನೆಲ್ಲ ರೊಟ್ಟಿ ಡಬ್ಬಿಗೆ ಹಾಸುವವರು. ಸತ್ಯಮಂಗಲದಲ್ಲಿ ಲೇತ್ ನಡೆಸುವ ಗಂಡ ಉದಯಕುಮಾರ್ ಯಾವ ಹಾಳೆ ಕಂಡರೂ ಬೋಲ್ಟಿನ ಅಳತೆ ಗೀಚುವವನು. ಮೈದುನ ಗುರುಪ್ರಕಾಶನದು ಕುಣಿಗಲ್‌ನಲ್ಲಿ ಟ್ಯೂಷನ್ ಸೆಂಟರ್.

ಎರಡು ದಿನ ಕಳೆದು, ಕುಣಿಗಲ್‌ನಿಂದ ನನ್ನ ತಂಗಿ ತಂದ ಹೂವಿಗೆ ಸುತ್ತಿದ್ದ ಪಾಂಪ್ಲೆಟ್ ಬಿಡಿಸಿ ನೋಡಿದೆ. “ಗುರುಪ್ರಕಾಶ್ ಸರ್ ಸ್ವಂತ ಸಂಶೋಧನೆ! ಪರಿಪೂರ್ಣ ಸಂಖ್ಯೆ 33550339. ಭಾಜಕಗಳು: 1, 2, 4, 8, 19, 32, 94...”

ಅಲಮೇಲಮ್ಮ ಅದನ್ನು ಓದಿ, “ಎಲ್ಲರನ್ನೂ ಸೇರ್ಸು. ಕೋಡುಬಳೆ ತಗೋ” ಎಂದರು.

ಸುಮನಾಳ ನಡುಮನೆಯಲ್ಲಿ ಎಲ್ಲರೂ ಕೂತರು. ಅಲಮೇಲಮ್ಮ ಮಾತು ತೆಗೆದರು.

“ರೊಟ್ಟಿ ಡಬ್ಬಿ ನೋಡ್ದೆ, ಹಾಸಿರೋದು ಪೇಪರ್ರು. ಉದಯನ ಜೇಬಲ್ಲಿ ಸಿಕ್ಕಿದ್ದು ಅಳತೆ ಗೀಚಿದ ಹಾಲಿನ ಚೀಟಿ. ಗುರು, ಈ ಲೆಕ್ಕ ನೀನೇ ಮಾಡಿದ್ದೇನಪ್ಪ?”

“ಹೂಂ ಆಂಟಿ. ಸ್ವಂತ ತಲೆ.”

“ಒಂಬತ್ತರಲ್ಲಿ ಮುಗಿಯೋದು ಬೆಸ ಸಂಖ್ಯೆ. ಅದನ್ನ ಎರಡರಿಂದ ಹೆಂಗಪ್ಪ ಭಾಗಿಸ್ದೆ?”

ಕೋಡುಬಳೆ ಅವನ ಬಾಯಲ್ಲೇ ನಿಂತಿತು. “ಪ್ರೆಸ್ಸಿನೋರ ತಪ್ಪು!”

“ಒಂದ್ಸಲ ಆಗಿದ್ರೆ ಒಪ್ತಿದ್ದೆ. ಹದಿನಾರು ಹತ್ತೊಂಬತ್ತಾಗಿದೆ, ಅರವತ್ನಾಲ್ಕು ತೊಂಬತ್ನಾಲ್ಕಾಗಿದೆ. ಎಲ್ಲೆಲ್ಲಿ ಆರು ಇರ್ಬೇಕೋ ಅಲ್ಲೆಲ್ಲ ಒಂಬತ್ತು. ಕನ್ನಡದ ೬, ೯ ಅವಳಿ ಮಕ್ಕಳಿದ್ದಂಗೆ. ಪಿನ್‌ಕೋಡಲ್ಲಿ ಮೂವತ್ತು ವರ್ಷ ನನ್ನ ಗೋಳು ಹೊಯ್ಕೊಂಡಿವೆ. ನೀನು ಲೆಕ್ಕ ಮಾಡಿಲ್ಲ ಕಣೋ, ಸುಮನಾ ಬರೆದಿದ್ದನ್ನ ಓದಿದೀಯ. ಅದೂ ತಪ್ಪಾಗಿ.”

ಗುರುಪ್ರಕಾಶ್ ಬ್ಯಾಗಿನಿಂದ ಹಾಳೆ ತೆಗೆದ. “ಅಡ್ಮಿಷನ್ ಕಮ್ಮಿ ಆಗಿತ್ತು ಅತ್ತಿಗೆ. ನೀವು ಹೆಂಗೂ ಮನೇಲಿರೋರು ಅಂತ...”

“ಏನ್ಲಾ,” ತಿಪ್ಪಮ್ಮ ಎದ್ದರು, “ಮನೇಲಿರೋರು ಅಂದ್ರೆ ಲೆಕ್ಕಕ್ಕಿಲ್ಲ ಅಂತಲಾ?”

ಭಾನುವಾರ ಗುಬ್ಬಿಯಲ್ಲಿ ಬೋರ್ಡ್ ಹಿಡಿದು ನಿಂತವನು ಗುರುಪ್ರಕಾಶ್. ಮುಂದಿನ ಸಾಲಿನಲ್ಲಿ ತಿಪ್ಪಮ್ಮ. ನಡುಗುವ ದನಿಯಲ್ಲಿ ಸುಮನಾ ಶುರುಮಾಡಿದಳು: “ತನ್ನನ್ನು ಬಿಟ್ಟು, ಉಳಿದವನ್ನೆಲ್ಲ ಕೂಡಬೇಕು...”

“ತನ್ನನ್ನ ಯಾಕ್ ಬುಡ್ಬೇಕು?” ತಿಪ್ಪಮ್ಮ ಕೂಗಿದರು.

ಸಭೆ ಗೊಳ್ಳೆಂದಿತು. ಸುಮನಾಳ ದನಿಯ ನಡುಕ ನಿಂತಿತು.

“ಸೇರಿಸ್ಕೊಂಡ್ರೆ ಎರಡರಷ್ಟಾಗುತ್ತೆ ಅತ್ತೆ.”

“ಆಗ್ಲಿ ಬುಡು.”