ಪುಡಿ ಕೈಕೊಟ್ಟ ಕಾರಣ

"ನಿಮ್ಮ ಪುಡಿ ಸುಳ್ಳೈತ್ರಿ," ಎಂದು ಗಾದಿಲಿಂಗ ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದ.

ಪಾರ್ವತಿನಗರದ ಈ ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಸಿಸ್ಟ್, ಅಂದರೆ ಜನರ ಕೆಮ್ಮು, ಜ್ವರ, ಸಿಟ್ಟು ಎಲ್ಲಕ್ಕೂ ನಾನೇ ಗತಿ. ಬೆಳಗಿನಿಂದ ನಿಂತು ನಿಂತು ಸುಸ್ತಾಗಿದ್ದೆ. ಆದರೂ ಅವನ ದನಿ ಕೇಳಿದ್ದೇ ಕೈ ದುಪಟ್ಟಾ ಸರಿಮಾಡಿತು. ಈ ಹಾಳು ಕೈಗೆ ಬುದ್ಧಿಯೇ ಇಲ್ಲ.

"ಪುಡಿ ನಂದಲ್ರಿ, ಕಂಪನಿದು. ಏನಾತು?"

"ಪಂಪ್ ಬರವಲ್ದು. ಡಂಬೆಲ್ಸ್ ಎತ್ತಿದ್ರ ತೋಳಿನ ನರ ಉಬ್ಬಬೇಕಿಲ್ಲೋ? ಏನೂ ಇಲ್ಲ. ಭಾನುವಾರ ಕಾಂಪಿಟಿಷನ್ ಐತಿ."

ಅವನು ಎದುರಿನ ಜಿಮ್ಮಿನ ಟ್ರೇನರ್, ಸಿರುಗುಪ್ಪದವನು. ದೇಹದಾರ್ಢ್ಯ ಸ್ಪರ್ಧೆಗೆಂದು ಅನ್ನ, ಉಪ್ಪು ಬಿಟ್ಟು ಕೆನ್ನೆ ಒಳಗೆ ಹೋಗಿದ್ದವು. ಭುಜ ಮಾತ್ರ ಬಾಗಿಲು ತುಂಬುವಷ್ಟು. ಆ ದಣಿದ ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು. ಪಾಪಕ್ಕಿಂತ ಹೆಚ್ಚೇ ಏನೋ ಅನ್ನಿಸುತ್ತಿತ್ತು, ಇರಲಿ.

"ಈ ಸಲನೂ ಸೋತ್ರ ಊರಿಗೆ ಹೋಗಿಬಿಡ್ತೀನ್ರಿ. ನಮ್ಮಣ್ಣ ಎರ್ರಿಯಣ್ಣ ಅಲ್ಲಿ ರೈಸ್ ಮಿಲ್ಲಿನಾಗ ಕೆಲಸ ನೋಡ್ಯಾನ. ಸಾಕಾಗೈತಿ ನನಗ."

ಡಬ್ಬಿ ಎತ್ತಿಕೊಂಡು ಹಿಂದೆ ಮುಂದೆ ಓದಿದೆ. ಓದುವಷ್ಟು ಹೊತ್ತಾದರೂ ಅವನು ನಿಂತಿರುತ್ತಾನಲ್ಲ. ಬೀಟ್‌ರೂಟ್ ಪುಡಿ ಅದು.

"ಇದು ಹೆಂಗ ಕೆಲಸ ಮಾಡ್ತೈತಿ ಗೊತ್ತೈತೇನ್ರಿ? ಬೀಟ್‌ರೂಟಿನಾಗ ನೈಟ್ರೇಟ್ ಇರ್ತೈತಿ. ನಾಲಿಗಿ ಮ್ಯಾಲಿನ ಬ್ಯಾಕ್ಟೀರಿಯಾ ಅದನ್ನ ಮೊದ್ಲು ಬದಲು ಮಾಡ್ತಾವು. ಆಮ್ಯಾಲೆ ಮೈಯೊಳಗ ಅದು ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲ ಮಾಡ್ತೈತಿ. ರಕ್ತ ಜಾಸ್ತಿ ಹರೀತೈತಿ. ಅದೇ ನಿಮ್ಮ ಪಂಪ್. ಮೈ ಬೆಳೆಸೋದು ನಿಮ್ಮ ದುಡಿಮಿ, ಪುಡಿ ಅಲ್ಲ."

"ಬಾಯಾಗಿನ ಹುಳ ಇಷ್ಟೆಲ್ಲಾ ಮಾಡ್ತಾವೇನ್ರಿ?"

"ಮತ್ತ? ಬಾಯಿಗೆ ಏನರ ಔಷಧ ಹಾಕ್ತೀರೇನು?"

ಅಷ್ಟು ದೊಡ್ಡ ಗಂಡಸಿನ ಕಿವಿ ಕೆಂಪಗಾದವು.

"ಮೌತ್‌ವಾಶ್... ನಿಮ್ಮ ಕಡೀನೇ ತಗೊಂಡೀನಲ್ರಿ, ಆ ಉರಿಯೋದು. ಇಲ್ಲಿಗೆ ಬರೋಕಿಂತ ಮೊದ್ಲು ದಿನಾ ಹಾಕ್ತೀನಿ."

ಅಯ್ಯೋ ಶಿವನೇ! "ಹುಳ ಎಲ್ಲಾ ಸತ್ತು ಹೋಗಿರ್ತಾವಲ್ರಿ! ಪುಡಿ ಹೆಂಗ ಕೆಲಸ ಮಾಡಬೇಕು? ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಿಲ್ಲ. ಮೊದ್ಲನೇ ಸಲ ಬಂದಾಗ ಮಂಡಕ್ಕಿ ಒಗ್ಗಾಣಿ ಜೋಡಿ ಹಸಿ ಉಳ್ಳಾಗಡ್ಡಿ ತಿಂದಿದ್ದೆ. ಬಾಯಿ ತೆಗೆದ ಕೂಡಲೇ ನೀವು ಹಿಂದ ಸರಿದ್ರಿ."

ಸರಿದದ್ದು ನಿಜ. ಈರುಳ್ಳಿ ವಾಸನೆಗಲ್ಲ. ಅಷ್ಟು ಹತ್ತಿರದಿಂದ ಅವನು ನಕ್ಕಿದ್ದ, ನಾಚಿಕೆಗೆ ನನಗೆ ನಿಂತಲ್ಲಿ ನಿಲ್ಲಲಾಗಿರಲಿಲ್ಲ. ಅದನ್ನು ಈ ಪೈಲ್ವಾನ ವಾಸನೆ ಅಂದುಕೊಂಡಿದ್ದಾನೆ! ನಗು ಬಂತು. ಅದರ ಬೆನ್ನಿಗೇ ಅಳು.

"ಈಗ ಬಿಟ್ರ ಭಾನುವಾರಕ್ಕ ಸರಿ ಆಗ್ತೈತೇನ್ರಿ?"

"ಆದ್ರ ಆತು, ಇಲ್ಲಾಂದ್ರ ಇಲ್ಲ. ಸುಳ್ಳು ಹೇಳಂಗಿಲ್ಲ ನಾನು."

"ಹಂಗಾರ ಸೋತೆ ಬಿಡ್ರಿ."

"ಸೋತ್ರ ಸೋಲ್ರಿ. ಊರಿಗೆ ಹೋಗಬ್ಯಾಡ್ರಿ."

ಅವನು ತಲೆ ಎತ್ತಿ ನೋಡಿದ. ಮಾತು ನುಂಗಿಕೊಳ್ಳಲು ನನ್ನಲ್ಲೂ ತ್ರಾಣವಿರಲಿಲ್ಲ.

"ನನಗೂ ಸಾಕಾಗೈತ್ರಿ. ಇಲ್ಲಿ ದುಡಿದು ಸಾಕಾಗೈತಿ, ಮನಿಗೆ ಬರೋ ಗಂಡಿನ ಕಡೇರ ಮುಂದ ಚಾ ಹಿಡಕೊಂಡು ಸಾಕಾಗೈತಿ. ನೀವು ಬರೋ ಹೊತ್ತೊಂದೇ ಛಲೋ ಅನಿಸ್ತೈತಿ. ನೀವಂದ್ರ ಇಷ್ಟ ನನಗ. ಗೊತ್ತಾತಿಲ್ಲೋ?"

ಗಾದಿಲಿಂಗ ಅಂಗಡಿ ಮೆಟ್ಟಿಲ ಮೇಲೆ ಕೂತ. ಕೈಯಿಂದ ಮುಖ ಒರೆಸಿಕೊಂಡ. ಆಮೇಲೆ ಕೇಳಿದ:

"ನಿಮ್ಮ ಮನ್ಯಾಗ ಯಾರ ಹತ್ರ ಮಾತಾಡಬೇಕು, ಶಶಿರೇಖಾ ಅವ್ರ?"

"ಮೊದ್ಲು ನನ್ನ ಹತ್ರ ಮಾತಾಡ್ರಿ," ಎಂದೆ. ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದು, ಅವನ ಪಕ್ಕದಲ್ಲಿ ಕೂತೆ.