ಉಗ್ರಾಣದಲ್ಲಿ ಮಾಚಿಪತ್ರೆ

ಝೂರಾಕಾನ್ ಅಳುತ್ತ ಬಂದ ದಿನ ನಾನು ಬುರುಲ್ಚಾ ಅಕ್ಕನ ಅಡುಗೆಮನೆಯಲ್ಲಿ ಕೂತು ನನ್ನ ಹಣೆಬರಹವನ್ನು ಬೈದುಕೊಳ್ಳುತ್ತಿದ್ದೆ. ಝೂರಾಕಾನಳ ವಕೀಲ ನಾನೇ, ಆ ಕೇಸು ಸೋಲುವುದೂ ಖಚಿತವಾಗಿತ್ತು. ನಾರಿನ್ ಪಟ್ಟಣದಲ್ಲಿ ವಕೀಲರಿಗೆ ತಲೆ ಓಡದಿದ್ದಾಗ ಹೋಗುವ ಜಾಗ ಆ ಅಡುಗೆಮನೆ ಒಂದೇ. ಅಕ್ಕ ಪೊಲೀಸ್ ತನಿಖಾಧಿಕಾರಿಯಾಗಿ ನಿವೃತ್ತಳಾಗಿದ್ದಳು, ಅವಳ ಮೂಗು ಮಾತ್ರ ನಿವೃತ್ತಿ ತಗೊಂಡಿರಲಿಲ್ಲ. ಈಗ ಆ ಒಲೆಯೂ ಇಲ್ಲ, ಅಕ್ಕನೂ ಇಲ್ಲ.

"ಅಕ್ಕಾ, ನಮ್ಮ ಕಂಪನೀನ ಕಪ್ಪುಪಟ್ಟಿಗೆ ಹಾಕಿಬಿಟ್ರು," ಎಂದಳು ಝೂರಾಕಾನ್. "ಮೂರು ವರ್ಷ ಸರ್ಕಾರದ ಕೆಲಸ ಸಿಗಲ್ಲ. ನಮ್ಮೂರ ಹೆಂಗಸರೆಲ್ಲ ಕೈಕಟ್ಟಿ ಕೂರಬೇಕು. ಅದೂ ಹೋಗ್ಲಿ, ಮಕ್ಕಳಿಗೆ ಮೋಸ ಮಾಡಿದೋಳು ಅಂತಾರಲ್ಲಾ!"

ಉಳಿದದ್ದನ್ನು ನಾನೇ ಹೇಳಿದೆ. ಬೇಸಿಗೆಯಲ್ಲಿ ಕುರಿಗಾಹಿಗಳು ಬೆಟ್ಟದ ಹುಲ್ಲುಗಾವಲಿಗೆ ಹೋದಾಗ ಅವರ ಮಕ್ಕಳಿಗಾಗಿ ಅಲ್ಲಿ ಗುಡಾರದ ಶಿಶುವಿಹಾರ ನಡೆಯುತ್ತದೆ. ಆ ಗುಡಾರಗಳಿಗೆ ಉಣ್ಣೆಯ ದಪ್ಪ ಹೊದಿಕೆ ಮಾಡಿಕೊಡುವ ಟೆಂಡರು ಝೂರಾಕಾನಳ ಪುಟ್ಟ ಕಂಪನಿಗೆ ಸಿಕ್ಕಿತ್ತು. ಚಳಿಗಾಲಕ್ಕೆ ಮುಂಚೆ ಮಾಲು ಸರ್ಕಾರಿ ಉಗ್ರಾಣ ಸೇರಿತು. ಹಿಮ ಕರಗಿದ ಮೇಲೆ ಸಮಿತಿಯವರು ಕಟ್ಟು ಬಿಚ್ಚಿದರೆ ಒಳಗಿದ್ದದ್ದು ಕಾರ್ಖಾನೆಯ ಪ್ಲಾಸ್ಟಿಕ್ ನಾರಿನ ಹೊದಿಕೆ! ಖರೀದಿ ಕಚೇರಿಯ ಮುಖ್ಯಸ್ಥ ಬೆಕ್ತುರೋವ್ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿದ. ಅದರ ವಿರುದ್ಧ ನಾವು ಕೋರ್ಟಿಗೆ ಹೋಗಿದ್ದೆವು.

"ಕೊಟ್ಟಾಗ ಯಾರೂ ಬಿಚ್ಚಿ ನೋಡ್ಲಿಲ್ವಾ?" ಎಂದು ಅಕ್ಕ ಕೇಳಿದಳು.

"ಸಮಿತಿ ಇಲ್ದೆ ಬಿಚ್ಚಂಗಿಲ್ಲ ಅಂತ ನಿಯಮ, ಅಕ್ಕಾ."

"ನಿನ್ನ ಹೊದಿಕೆಗೆ ಏನಾದ್ರೂ ಗುರುತು?"

ಝೂರಾಕಾನ್ ತಲೆ ತಗ್ಗಿಸಿದಳು. "ಟೆಂಡರಲ್ಲಿ ಬರೆದಂಗೇ ಮಾಡಿದ್ವಿ. ಹೆಚ್ಚೇನೂ ಇಲ್ಲ."

ಅಕ್ಕ ಅವಳ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದಳು.

ಮರುದಿನ ಉಗ್ರಾಣಕ್ಕೆ ಹೋದೆವು. ಅದರ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ: ಉಗ್ರಾಣ ನೋಡಿಕೊಳ್ಳುವ ಎರ್ಗೆಶ್ ಮತ್ತು ಬೆಕ್ತುರೋವ್. ಬೆಕ್ತುರೋವ್ ಬಾಗಿಲಲ್ಲೇ ನಿಂತು, "ಏನ್ ವಕೀಲ್ರೇ, ಸಾಕ್ಷಿ ಸಿಗ್ದೆ ಧೂಳು ಹೊಡ್ಯೋಕೆ ಬಂದ್ರಾ?" ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅಕ್ಕ ಮಾತ್ರ ಹೊದಿಕೆಯ ಕಟ್ಟುಗಳನ್ನಿಟ್ಟಿದ್ದ ಅಟ್ಟಣೆಯ ಕೆಳಗೆ ಬಗ್ಗಿ ಒಣಗಿದ ಸೊಪ್ಪಿನ ಪುಡಿಯನ್ನು ಹೆಕ್ಕಿ, ಅಂಗೈಯಲ್ಲಿ ತಿಕ್ಕಿ ಮೂಸಿದಳು. ಅವಳ ಕಣ್ಣು ತುಂಬಿ ಬಂತು.

"ಮಾಚಿಪತ್ರೆ ಕಣೋ ಜೋಮಾರ್ಟ್. ಉಣ್ಣೆಗೆ ಹುಳ ಹಿಡೀಬಾರ್ದು ಅಂತ ನಮ್ಮಜ್ಜಿ ಪ್ರತಿ ಮಡಿಕೆಗೂ ಇಡೋಳು. ಪೆಟ್ಟಿಗೆ ತೆಗೆದ್ರೆ ಇಡೀ ಮನೆ ಘಂ ಅನ್ನೋದು," ಎಂದು ನನಗೆ ಹೇಳಿದಳು.

ಆಮೇಲೆ ಪ್ಲಾಸ್ಟಿಕ್ ಹೊದಿಕೆಗಳನ್ನು ಒಂದೊಂದಾಗಿ ಬಿಡಿಸಿ ಮೂಸಿದಳು. ಒಂದು ಎಲೆಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಎರ್ಗೆಶ್ ಎತ್ತಲೋ ನೋಡುತ್ತಿದ್ದ.

"ಈ ವರ್ಷ ಹೊಸ ಗುಡಾರ ಯಾರು ಹಾಕಿದಾರೋ?" ಎಂದು ದಾರಿಯಲ್ಲಿ ಕೇಳಿದಳು. ನಮ್ಮೂರಲ್ಲಿ ಅದು ಗೊತ್ತಿಲ್ಲದವರಿರಲಿಲ್ಲ. ಸರೋವರದ ದಾರಿಯಲ್ಲಿ ಪ್ರವಾಸಿಗರಿಗೆಂದು ಬೆಕ್ತುರೋವನ ಬಾವಮೈದ ಹಾಕಿದ್ದ. ಅಲ್ಲಿಗೂ ಹೋದೆವು. ವರ್ಷದ ಮೊದಲ ಕುಮಿಸ್, ಅಂದರೆ ಹುಳಿ ಬರಿಸಿದ ಕುದುರೆ ಹಾಲು, ಕುಡಿದು, ಅಕ್ಕ ಬಾಗಿಲ ಪಕ್ಕದಲ್ಲೇ ಉರುಳಿಕೊಂಡು, ಹೊದಿಕೆಗೆ ಮೂಗು ಒತ್ತಿ, ಅದರ ಕೆಳ ಅಂಚನ್ನು ಬೆರಳಲ್ಲಿ ಸವರುತ್ತ ಮಲಗಿಬಿಟ್ಟಳು.

"ಮನೇಲಿ ಹಾಸಿಗೆ ಇಲ್ವಾ ನಿಂಗೆ?" ಎಂದು ಛೇಡಿಸಿದೆ.

"ಸುಮ್ನಿರೋ. ಅಜ್ಜಿ ಪಕ್ಕ ಮಲಗಿದೀನಿ," ಎಂದಳು.

ಅಲ್ಲಿಂದ ಬಂದವಳೇ ನನ್ನಿಂದ ಕೋರ್ಟಿಗೆ ಅರ್ಜಿ ಹಾಕಿಸಿದಳು. ನ್ಯಾಯಾಧೀಶರು ಉಗ್ರಾಣಕ್ಕೇ ಬರಬೇಕು, ಆ ಗುಡಾರದ ಬಾಗಿಲ ಬಲಗಡೆಯ ಹೊದಿಕೆಯನ್ನೂ ತರಿಸಬೇಕು ಎಂದು. ನ್ಯಾಯಾಧೀಶರು ಮುಖ ಗಂಟಿಕ್ಕಿಕೊಂಡೇ ಬಂದರು. ಝೂರಾಕಾನ್, ಎರ್ಗೆಶ್, ಬೆಕ್ತುರೋವ್, ನಾವೆಲ್ಲ ಸುತ್ತ ನಿಂತೆವು.

"ಸ್ವಾಮಿ, ಪ್ಲಾಸ್ಟಿಕ್ಕಿಗೆ ಹುಳ ಹಿಡಿಯಲ್ಲ," ಎಂದು ಅಕ್ಕ ಶುರುಮಾಡಿದಳು. "ಹಂಗಿದ್ಮೇಲೆ ಅಟ್ಟಣೆ ಕೆಳಗೆ ಮಾಚಿಪತ್ರೆ ಯಾಕಿದೆ? ಎರ್ಗೆಶಣ್ಣಾ, ನೀನೇ ಹೇಳು."

ಎರ್ಗೆಶ್ ಟೋಪಿ ತೆಗೆದು ಹಿಂಡಿದ. "ತಪ್ಪಾಯ್ತು ಸ್ವಾಮಿ. ನಿಯಮ ಮೀರಿ ಕಟ್ಟು ಬಿಚ್ಚಿದೆ. ಎಂಥಾ ಉಣ್ಣೆ ಅಂತೀರಿ! ಮಕ್ಕಳದ್ದು ಬೇರೆ. ಹುಳ ತಿಂದ್ರೆ ಹೆಂಗೆ ಅಂತ ಮಡಿಕೆ ಮಡಿಕೆಗೂ ಸೊಪ್ಪಿಟ್ಟು ಮತ್ತೆ ಕಟ್ಟಿದೆ. ಕೆಲಸ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ."

"ಅಂದ್ರೆ ಬದಲಾಯಿಸಿದ್ದೂ ಇವನೇ!" ಎಂದು ಬೆಕ್ತುರೋವ್ ಕೂಗಿದ.

"ಇವನಾಗಿದ್ರೆ ಸೊಪ್ಪಿನ ನೆನಪು ಇರ್ತಿತ್ತು, ಮೊದಲು ಅದನ್ನೇ ಗುಡಿಸಿ ಹಾಕಿರೋನು," ಎಂದಳು ಅಕ್ಕ. "ಬದಲಾಯಿಸಿದೋನಿಗೆ ಅದು ಬರೀ ಕಸ. ಕಂಡ್ರೂ ಕಾಣಲಿಲ್ಲ. ಇನ್ನೊಂದು ಬೀಗದ ಕೈ ನಿಮ್ಮ ಹತ್ರಾನೇ ಇರೋದು. ನಿಮ್ಮ ಬಾವಮೈದನ ಗುಡಾರದಲ್ಲಿ ಮಾಚಿಪತ್ರೆ ಘಂ ಅಂತಿದೆ."

"ಬೆಟ್ಟದ ತುಂಬಾ ಬೆಳೆಯೋ ಸೊಪ್ಪು! ವಾಸನೆ ಒಂದು ಸಾಕ್ಷಿನಾ?"

"ಅಲ್ಲ. ಅದಕ್ಕೇ ತಂಗೀನ ಕೇಳ್ತೀನಿ. ಗುರುತು ಏನು ಅಂದಾಗ ನೀನು ತಲೆ ತಗ್ಗಿಸಿದೆ ಝೂರಾಕಾನ್. ಏನೂ ಇಲ್ದೋಳು ಯಾಕೆ ತಗ್ಗಿಸ್ತಾಳೆ? ನನ್ನ ಬೆರಳಿಗೆ ಸಿಕ್ಕಿದ್ದನ್ನ ನಾನು ಹೇಳಲ್ಲ. ನೀನೇ ಹೇಳು."

ಝೂರಾಕಾನ್ ಕೆಂಪಾದಳು. "ದೃಷ್ಟಿಮಣಿ... ಕಪ್ಪು, ಮೇಲೆ ಬಿಳಿ ಚುಕ್ಕೆ. ಬಾಗಿಲ ಬಲಗಡೆ, ಕೆಳಗಿನ ಅಂಚಿನ ಒಳಗೆ ಹೊಲಿದಿದ್ವಿ. ಮಕ್ಕಳ ಗುಡಾರಕ್ಕೆ ಅಂತಾನೇ, ಬೇರೆ ಯಾರಿಗೂ ಹಾಕಿಲ್ಲ. ಟೆಂಡರಲ್ಲಿ ಇಲ್ಲದ್ದನ್ನ ಸೇರಿಸಿದ್ದೀರಿ ಅಂತ ಅದಕ್ಕೂ ಕಪ್ಪುಪಟ್ಟಿಗೆ ಹಾಕ್ತಾರೇನೋ ಅಂತ ಹೆದರಿದೆ. ಅಲ್ದೆ, ಬಾಯಿಬಿಟ್ಟು ಹೇಳಿದ್ರೆ ಮಣಿಗೆ ಶಕ್ತಿ ಇರಲ್ಲ."

"ಅಯ್ಯೋ, ನಾನು ನಿನ್ನ ವಕೀಲ ಕಣಮ್ಮಾ! ನನ್ನ ಕಿವೀಲಾದ್ರೂ ಹೇಳಬಾರದಿತ್ತಾ?" ಎಂದು ಕಿರುಚಿಬಿಟ್ಟೆ. ನ್ಯಾಯಾಧೀಶರು ನನ್ನನ್ನು ಗದರಿಸಿ, ಕತ್ತರಿ ಕೇಳಿ ಪಡೆದು, ಗುಡಾರದಿಂದ ತರಿಸಿದ್ದ ಹೊದಿಕೆಯ ಅಂಚನ್ನು ತಾವೇ ಬಿಚ್ಚಿದರು. ಕಪ್ಪು ಮಣಿಯೊಂದು ಉರುಳಿ ಅವರ ಅಂಗೈಗೆ ಬಿತ್ತು. ಬೆಕ್ತುರೋವ್ ಹತ್ತಿರದ ಪೆಟ್ಟಿಗೆಯ ಮೇಲೆ ಕುಸಿದು ಕೂತ.

ಕಪ್ಪುಪಟ್ಟಿಯಿಂದ ಕಂಪನಿಯ ಹೆಸರು ಹೋಯಿತು, ಬೆಕ್ತುರೋವನ ಮೇಲೆ ಕ್ರಿಮಿನಲ್ ಕೇಸು ಬಿತ್ತು. ಎರ್ಗೆಶನ ಕೆಲಸಕ್ಕೆ ಯಾರೂ ಕೈ ಹಾಕಲಿಲ್ಲ. ನ್ಯಾಯಾಧೀಶರು ಮಣಿಯನ್ನು ಝೂರಾಕಾನಳ ಕೈಗಿಟ್ಟು, "ಇದ್ದಲ್ಲೇ ಹೊಲಿಯಮ್ಮ," ಎಂದಷ್ಟೇ ಹೇಳಿದರು. ಅವಳು ಅಕ್ಕನ ತೋಳು ಹಿಡಿದು ಅತ್ತಳು. ಈ ಸಲ ಅಕ್ಕನೂ ಅತ್ತಳು.

ಮುಂದಿನ ವರ್ಷ ಬಂದ ಹೊಸ ಅಧಿಕಾರಿ ಒಳ್ಳೆಯವನು. ಪಾಪ, ಟೆಂಡರಿನಲ್ಲೇ "ಪ್ರತಿ ಗುಡಾರಕ್ಕೆ ಒಂದು ದೃಷ್ಟಿಮಣಿ" ಎಂದು ಬರೆಸಿಬಿಟ್ಟ. ಝೂರಾಕಾನ್ ಕೆಂಡವಾದಳು. "ಸರ್ಕಾರ ಹೇಳಿ ಹಾಕಿಸಿದ ಮಣಿ ಯಾವ ದೃಷ್ಟಿ ತೆಗೆಯುತ್ತೆ, ಮಣ್ಣು!" ಅಂದಿನಿಂದ ಅವರು ಎರಡು ಮಣಿ ಹೊಲಿಯುತ್ತಾರೆ: ಟೆಂಡರಿಗೊಂದು, ಮಕ್ಕಳಿಗೊಂದು.

ಆ ಎರಡನೆಯದನ್ನು ಎಲ್ಲಿ ಹೊಲಿಯುತ್ತಾರೆಂದು ಪತ್ತೆಹಚ್ಚಿದ್ದು ಅಕ್ಕ. ತೀರಿಕೊಳ್ಳುವ ಮುಂಚೆ ನನ್ನೊಬ್ಬನಿಗೆ ಅದನ್ನು ತೋರಿಸಿದಳು. ಈಗಲೂ ಬೆಟ್ಟಕ್ಕೆ ಹೋದಾಗ ಮಕ್ಕಳ ಗುಡಾರದಲ್ಲಿ ಕುಮಿಸ್ ಕುಡಿಯುತ್ತ ಒಮ್ಮೆ ಅಲ್ಲಿ ಕೈಯಾಡಿಸುತ್ತೇನೆ. ಎಲ್ಲಿ ಅಂತ ಕೇಳಬೇಡಿ, ಹೇಳುವುದಿಲ್ಲ.